ಕೊರಕಲ ದಂಡೆಯ ಮಸಣ

ಎರಡು ವರ್ಷ ಹನಿ ಕಾಣದೆ ಬಿರಿದ ನೆಲಕ್ಕೆ ಮಳೆ ಬಂತು. ಬಂದದ್ದು ಒಂದೇ ಮಧ್ಯಾಹ್ನ. ದಬದಬ ಸುರಿದು ನಿಂತುಹೋಯಿತು. ನಿಂತ ಸ್ವಲ್ಪ ಹೊತ್ತಿಗೆ ಮೇಲುಕೇರಿಯ ಆಳೊಬ್ಬ ಕೆಳಕೇರಿಯ ಬಾಯಿಗೆ ಬಂದು, ಒಳಗೆ ಕಾಲಿಡದೆ ಕೂಗಿ ಹೇಳಿದ. ನಿಮ್ಮ ಹೆಣಗಳೆಲ್ಲ ನಮ್ಮ ಕಾಲುವೆಗೆ ಇಳಿದಿವೆ, ಬಂದು ಎತ್ತಿಕೊಂಡು ಹೋಗಿ.

ಎಲ್ಲರೂ ಗುದ್ದಲಿಯ ಮನೆಯ ಕಡೆ ನೋಡಿದರು.

ಕೆಳಕೇರಿಯ ಸತ್ತವರಿಗೆ ಗುಂಡಿ ತೋಡುವವಳು ಅವಳು. ಅದು ಮೊದಲು ಅವಳ ಗಂಡನ ಕೆಲಸ. ಅವನು ಸತ್ತ ವರ್ಷ ಬರಗಾಲ. ಕೇರಿಯ ಗಟ್ಟಿ ಗಂಡಸರೆಲ್ಲ ದುಡಿಮೆ ಹುಡುಕಿಕೊಂಡು ಹೊರಗೆ ಹೋಗಿದ್ದರು. ಅವನಿಗೆ ಗುಂಡಿ ತೋಡುವವರು ಇರಲಿಲ್ಲ. ಅವಳೇ ಸೆರಗು ಬಿಗಿದು ಇಳಿದಳು. ಅಂದಿನಿಂದ ಕೆಲಸವೂ ಅವಳದಾಯಿತು, ಹೆಸರೂ ಗುದ್ದಲಿ ಎಂದಾಯಿತು. ಮನೆಯಲ್ಲಿ ಅವಳು, ಅವಳ ಅತ್ತೆ, ಗಂಡನನ್ನು ಬಿಟ್ಟು ಬಂದ ನಾದಿನಿ. ಮೂವರು ಹೆಂಗಸರು, ಒಂದು ಒಲೆ.

ಮಸಣ ಇದ್ದದ್ದು ದಿಬ್ಬದ ಇಳಿಜಾರಿನಲ್ಲಿ. ಮೇಲೆ ನೆತ್ತಿಯಲ್ಲಿ ಮೇಲುಕೇರಿಯ ಯಜಮಾನರ ಹೊಲ. ಕೆಳಗೆ ಕಾಲುವೆ. ಯಜಮಾನರು ಹೊಲದಂಚಿನ ಮರಗಳನ್ನೆಲ್ಲ ಇಟ್ಟಿಗೆ ಗೂಡಿಗೆ ಕಡಿಸಿದ್ದರು. ಟ್ರ್ಯಾಕ್ಟರ್ ತಿರುಗಿಸಲು ಅಡ್ಡ ಎಂದು ಬದುಗಳನ್ನು ಒಡೆಸಿದ್ದರು. ಮೇಲಿಂದ ಕೆಳಕ್ಕೆ ನೇರ ಉಳುಮೆ. ಹೊಲದಲ್ಲಿ ನೀರು ನಿಂತು ಬೆಳೆ ಕೊಳೆಯಬಾರದೆಂದು ಮೂಲೆಯಲ್ಲಿ ಒಂದು ಬಾಯಿ ಕಡಿಸಿ, ಅಷ್ಟೂ ನೀರನ್ನು ಮಸಣದ ಕಡೆ ತಿರುಗಿಸಿದ್ದರು. ಮೊದಲ ವರ್ಷ ಅದು ಬೆರಳಗಲದ ಸೀಳು. ಆಮೇಲೆ ಮೊಣಕಾಲುದ್ದ. ಈಗ ಆಳು ನಿಂತರೆ ತಲೆ ಕಾಣದಷ್ಟು ಆಳದ ಕೊರಕಲು, ಮಸಣದ ಹೊಟ್ಟೆಯನ್ನು ಸೀಳಿಕೊಂಡು ಕಾಲುವೆಗೆ ಇಳಿದಿತ್ತು.

ಹೆಂಗಸರು ಬುಟ್ಟಿ ಹಿಡಿದು ಕಾಲುವೆಗೆ ಇಳಿದರು. ತೊಡೆಮಟ್ಟ ಕೆಸರು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಕೈಯಾಡಿಸಿ, ಬೆರಳಿಗೆ ತಗುಲಿದ್ದನ್ನು ಎತ್ತಬೇಕು. ಕಲ್ಲಾದರೆ ಬಿಸಾಡು, ಮೂಳೆಯಾದರೆ ಬುಟ್ಟಿಗೆ ಹಾಕು. ಯಜಮಾನರು ದಂಡೆಯ ಮೇಲೆ ಮೂಗಿಗೆ ಟವೆಲ್ ಹಿಡಿದು ನಿಂತಿದ್ದರು. ಅಲ್ಲೊಂದು, ಇಲ್ಲೊಂದು ಎಂದು ಕೋಲಿನಲ್ಲಿ ತೋರಿಸುತ್ತಿದ್ದರು. ಒಂದು ಚೂರೂ ಬಿಡಬಾರದು, ನಾಳೆ ನಮ್ಮ ದನ ಈ ನೀರು ಕುಡಿಯಬೇಕು ಎಂದರು.

ಗುದ್ದಲಿಯ ಕೈಗೆ ಒಂದು ತೊಡೆಯ ಮೂಳೆ ಸಿಕ್ಕಿತು. ನಡುವೆ ಗಂಟು ಕಟ್ಟಿ ಸೊಟ್ಟಗೆ ಕೂಡಿದ ಮೂಳೆ. ಕಲ್ಲುಗಣಿಯಲ್ಲಿ ಬಂಡೆ ಉರುಳಿ ಅವಳ ಗಂಡನ ತೊಡೆ ಮುರಿದಿತ್ತು. ಆಸ್ಪತ್ರೆಗೆ ಒಯ್ಯುವವರಿಲ್ಲದೆ ಮನೆಯಲ್ಲೇ ದಬ್ಬೆ ಕಟ್ಟಿದ್ದರು. ಅಲ್ಲಿಂದ ಮುಂದೆ ಅವನು ಕುಂಟುತ್ತಲೇ ನಡೆದ. ಅವಳು ಆ ಗಂಟನ್ನು ಬೆರಳಿನಲ್ಲಿ ಎರಡು ಸಲ ಮುಟ್ಟಿ ನೋಡಿದಳು. ಬುಟ್ಟಿಗೆ ಹಾಕಲಿಲ್ಲ. ಕಂಕುಳಲ್ಲಿ ಇರುಕಿಕೊಂಡು ತಲೆಯೆತ್ತಿದಳು.

“ಯಜಮಾನ್ರೇ, ಈ ನೀರು ಎಲ್ಲಿಂದ ಬಂತು?”

“ಮಳೆಯಿಂದ ಬಂತು. ಮೇಲಿರೋನನ್ನ ಕೇಳು.”

“ಮೇಲಿರೋರು ನೀವೇ ಅಲ್ವಾ,” ಎಂದಳು ಅವಳು.

ಯಜಮಾನರು ಕಾಲಿನಿಂದ ದಂಡೆಯ ಮಣ್ಣಿನ ಹೆಂಟೆಯೊಂದನ್ನು ತಳ್ಳಿದರು. ಅದು ಅವಳ ಮುಖದ ಮುಂದೆ ಬಿದ್ದು ಕೆಸರು ಸಿಡಿಯಿತು. ಅವಳು ಮುಖ ಒರೆಸಿಕೊಳ್ಳದೆ ಮತ್ತೆ ಬಗ್ಗಿದಳು. ಕೆಲಸ ಬಾಕಿ ಇತ್ತು.

ಮನೆಗೆ ತಂದ ಮೂಳೆಯನ್ನು ಅತ್ತೆ ಕಣ್ಣಿನಿಂದ ನೋಡಲಿಲ್ಲ, ಕೈಯಿಂದ ನೋಡಿದಳು. ಗಂಟು ಸಿಕ್ಕ ಕಡೆ ಅವಳ ಬೆರಳು ನಿಂತಿತು. ಅತ್ತರೆ ಹಗುರಾಗುತ್ತಿತ್ತೇನೋ, ಅವಳು ಅಳಲಿಲ್ಲ. ಮಗನನ್ನು ಮಡಿಲಲ್ಲಿ ಇಟ್ಟುಕೊಂಡು ಸೊಸೆಗೆ ಕೆಲಸ ಹೇಳತೊಡಗಿದಳು.

“ಮೊದ್ಲು ಕಲ್ಲು. ಕೊರಕಲಿಗೆ ಅಡ್ಡ, ಹತ್ತು ಹೆಜ್ಜೆಗೆ ಒಂದು ಸಾಲು. ಆಮೇಲೆ ಕತ್ತಾಳೆ. ಗಿಡಕ್ಕೆ ಈಗಲೇ ಕೈ ಹಾಕಬೇಡ, ಮಣ್ಣು ಕೂತ್ಮೇಲೆ ನೋಡೋಣ.”

ಎತ್ತಿ ತಂದ ಮೂಳೆಗಳನ್ನೆಲ್ಲ ಮಸಣದಲ್ಲೇ ಮತ್ತೆ ಹೂತರು. ಹಾಗೆ ಶುರುವಾಯಿತು. ಕಲ್ಲುಗಣಿಯ ಪಕ್ಕ ಬೇಡದ ಚೂರುಗಳ ರಾಶಿ ಇತ್ತು. ಅತ್ತಿಗೆ ನಾದಿನಿ ಇಬ್ಬರೂ ಕೂಲಿಗೆ ಹೋಗುವ ಮುಂಚೆ ನಾಲ್ಕು ಸಲ, ಬಂದ ಮೇಲೆ ನಾಲ್ಕು ಸಲ ಕಲ್ಲು ಹೊತ್ತರು. ನೆತ್ತಿಯ ಕೂದಲು ಉದುರಿ ಬೋಳು ಬಿತ್ತು. ನಾದಿನಿಯ ಹೆಬ್ಬೆರಳು ಜಜ್ಜಿ ಉಗುರು ಕಿತ್ತುಬಂತು. ಅವಳು ಸುಮ್ಮನೆ ಮಾಡುವವಳಲ್ಲ. ಪ್ರತಿ ಕಲ್ಲಿಗೂ ಯಜಮಾನರ ಮನೆಯ ಒಬ್ಬೊಬ್ಬರನ್ನು ಬೈಯುತ್ತ ಇಳಿಸುತ್ತಿದ್ದಳು. ಕಲ್ಲು ಮುಗಿಯುವುದಕ್ಕೆ ಮುಂಚೆ ಅವರ ಮನೆಯ ಜನ ಮುಗಿದುಹೋಯಿತು ಎಂದು ಕೇರಿಯವರು ನಗಾಡಿದರು.

ಕಲ್ಲಿನ ಸಾಲಿನ ಹಿಂದೆ ಮೇಲಿಂದ ಬಂದ ಮಣ್ಣು ಕೂರತೊಡಗಿತು. ಅದರ ಮೇಲೆ ಕತ್ತಾಳೆ ನೆಟ್ಟರು. ಅದರ ಹಿಂದೆ ಲಾವಂಚದ ಬುಡ. ಮರುವರ್ಷ ಬೇವು, ಹೊಂಗೆ, ನುಗ್ಗೆ. ಇನ್ನೂರು ಗಿಡದಲ್ಲಿ ಉಳಿದದ್ದು ಒಂಬತ್ತು. ಅತ್ತೆ, ಒಂಬತ್ತು ಉಳಿದವಲ್ಲ ಎಂದಳು. ಮತ್ತೆ ಇನ್ನೂರು ನೆಟ್ಟರು. ಆಗ ಮೂವತ್ತು ಉಳಿದವು.

ಕೆಳಕೇರಿಯ ನಲ್ಲಿಗೆ ಮೂರು ದಿನಕ್ಕೊಮ್ಮೆ ನೀರು. ಕುಡಿಯಲು ಸಾಲದ ನೀರಿನಲ್ಲಿ ಗಿಡಕ್ಕೆ ಎಲ್ಲಿಂದ ತರುವುದು? ಅಕ್ಕಿ ತೊಳೆದ ನೀರು, ಪಾತ್ರೆ ತೊಳೆದ ನೀರು, ಮುಖ ತೊಳೆದ ನೀರು, ಎಲ್ಲವನ್ನೂ ಮನೆಮನೆಯ ಬಕೆಟ್ಟಿನಲ್ಲಿ ಹಿಡಿದು ಹೊತ್ತರು. ಹೆಣ ತೊಳೆದ ನೀರನ್ನೂ ಚೆಲ್ಲಲಿಲ್ಲ. ಗುದ್ದಲಿ ಬದುಕಿದವರಿಗಿಂತ ಸತ್ತವರಿಗೆ ಜಾಸ್ತಿ ನೀರು ಕೊಡುತ್ತಾಳೆ ಎಂದು ಕೆಲವರು ಮುಖ ಸಿಂಡರಿಸಿದರು. ಅತ್ತೆ ಬೆಳಗಿನಿಂದ ಸಂಜೆಯವರೆಗೆ ಕೋಲು ಹಿಡಿದು ಆಡುಗಳನ್ನು ಅಟ್ಟುತ್ತ ಕೂತಳು. ಆಡಿನವರ ಜತೆ ಜಗಳವಾಡಿ ಅವಳ ಗಂಟಲು ಕಟ್ಟಿಹೋಯಿತು.

ಐದನೆಯ ವರ್ಷ ಗಿಡಗಳ ಸಾಲಿನ ನಡುವೆ ತೊಗರಿ ಬಿತ್ತಿದರು. ಬೆಳೆಯಿತು. ಕೇರಿಯವರೆಲ್ಲ ಹಂಚಿಕೊಂಡು ಬೇಯಿಸಿದರು. ಹೆಣದ ಬೇಳೆ ತಿನ್ನುತ್ತಾರೆ ಎಂದು ಮೇಲುಕೇರಿಯಲ್ಲಿ ಮಾತಾಯಿತು. ನಮ್ಮ ಅಪ್ಪ ಅಮ್ಮನೇ ಬಡಿಸಿದ್ದು, ಬೇರೆಯವರ ಎಂಜಲಲ್ಲ ಎಂದು ನಾದಿನಿ ದಾರಿಯಲ್ಲಿ ನಿಂತೇ ಉತ್ತರ ಕೊಟ್ಟಳು.

ಎಂಟು ವರ್ಷ. ಕೊರಕಲು ಮುಚ್ಚಿತು. ಬೇವು ಮನೆಯ ಸೂರಿಗಿಂತ ಎತ್ತರವಾಯಿತು. ಮತ್ತೆ ಮಳೆ ಕೈಕೊಟ್ಟ ವರ್ಷ ಸುತ್ತಲೂ ಬಾವಿಗಳು ಒಣಗಿದರೂ ಮಸಣದ ಬುಡದಲ್ಲಿದ್ದ ಯಜಮಾನರ ಬಾವಿಯಲ್ಲಿ ನೀರು ನಿಂತಿತ್ತು. ಅದು ಎಲ್ಲಿಂದ ಬಂತು ಎಂದು ಆಗ ಯಾರೂ ಕೇಳಲಿಲ್ಲ.

ಕೇಳಲು ಬಂದವನು ಮಣ್ಣು ಸಂರಕ್ಷಣೆಯ ಕಚೇರಿಯ ಸಾಹೇಬ. ಒಳ್ಳೆಯ ಮಾತಿನ ಮನುಷ್ಯ. ಎಲ್ಲರಿಗೂ ನಮಸ್ಕಾರ ಮಾಡುತ್ತಿದ್ದ. ಮಣ್ಣನ್ನು ಅಂಗೈಯಲ್ಲಿ ಹಿಡಿದು ಮೂಸಿ, ಇಂಥ ಕೆಲಸ ನಾನು ಪುಸ್ತಕದಲ್ಲೂ ನೋಡಿಲ್ಲ ಎಂದ. ಗುದ್ದಲಿಗೆ ಅವತ್ತು ಎದೆ ತುಂಬಿ ಬಂದದ್ದು ನಿಜ. ಅವನನ್ನು ಕರೆದುಕೊಂಡು ಸಾಲು ಸಾಲು ತೋರಿಸಿದಳು. ಅವನು ಎಲ್ಲವನ್ನೂ ಬರೆದುಕೊಂಡ, ಫೋಟೋ ತೆಗೆದ.

ಎರಡು ತಿಂಗಳಿಗೆ ಬೇಲಿ ಬಂತು. ಬೋರ್ಡು ಬಂತು. ಮಾದರಿ ಅರಣ್ಯ ಕೃಷಿ ತೋಟ ಎಂದು ಬರೆದಿತ್ತು. ಕೆಳಗೆ ತೋಟದ ಸಮಿತಿಯ ಅಧ್ಯಕ್ಷರು ಎಂದು ಯಜಮಾನರ ಹೆಸರು. ಗುದ್ದಲಿಗೆ ಓದಲು ಬಾರದು, ಓದಿದವರು ಹೇಳಿದರು. ಅವಳು ಕೇರಿಯವರನ್ನು ಕಟ್ಟಿಕೊಂಡು ಕಚೇರಿಗೆ ಹೋದಳು. ಸಾಹೇಬ ಕುರ್ಚಿ ತರಿಸಿದ, ಕೂರಿಸಿದ, ದೊಡ್ಡ ಪುಸ್ತಕ ಬಿಡಿಸಿ ತೋರಿಸಿದ. ಇಲ್ಲಿ ಇದು ಪಾಳು ಜಮೀನು ಎಂದಿದೆ. ಮಸಣ ಎಂದು ಎಲ್ಲೂ ಒಂದಕ್ಷರ ಇಲ್ಲ. ಹೂತಿದ್ದಕ್ಕೆ ಕಾಗದ ಇದ್ದರೆ ತನ್ನಿ. ಹೂತದ್ದಕ್ಕೆ ಯಾರು ಕಾಗದ ಇಟ್ಟುಕೊಂಡಿರುತ್ತಾರೆ? ಅವಳ ಮಾವ ಅದೊಂದು ಕಾಗದಕ್ಕಾಗಿ ಚಪ್ಪಲಿ ಸವೆಸಿ, ಸಿಗದೆ ಸತ್ತಿದ್ದ. ಹೂತದ್ದು ಆ ಮಸಣದಲ್ಲೇ.

ಇನ್ನು ಮುಂದೆ ಸತ್ತವರಿಗೆ ಕಲ್ಲುಗಣಿಯ ಪಕ್ಕ ಜಾಗ ಕೊಡುವುದಾಗಿ ಸಾಹೇಬ ಹೇಳಿದ.

“ಅಲ್ಲಿ ಮಣ್ಣಿಲ್ಲ ಸಾಹೇಬ್ರೇ. ಬಂಡೆ ಇದೆ.”

“ನೋಡೋಣಮ್ಮ, ಏನಾದ್ರೂ ವ್ಯವಸ್ಥೆ ಮಾಡೋಣ,” ಎಂದ ಅವನು. ಆಮೇಲೆ ಅವಳಿಗೆ ಆ ತೋಟದಲ್ಲೇ ಕೆಲಸ ಕೊಟ್ಟ.

ಅವಳು ಒಪ್ಪಿಕೊಂಡಳು. ಅದನ್ನು ಮುಚ್ಚಿಡುವಂತಿಲ್ಲ. ಮಳೆಯಿಲ್ಲ, ಕೂಲಿಯಿಲ್ಲ, ಒಲೆ ಉರಿಯಬೇಕು. ತಾನು ಒಲ್ಲೆ ಎಂದರೆ ಬೇರೆ ಯಾರೋ ಬರುತ್ತಾರೆ, ಅವರಿಗೆ ಯಾವ ಬುಡದಲ್ಲಿ ಯಾರಿದ್ದಾರೆ ಎಂಬುದು ಗೊತ್ತಿರುವುದಿಲ್ಲ ಎಂದೂ ತನಗೆ ತಾನೇ ಹೇಳಿಕೊಂಡಳು. ಹಸಿರು ಕೋಟು ಕೊಟ್ಟರು, ಗೇಟಿನ ಬೀಗದ ಕೈ ಕೊಟ್ಟರು. ನೀರು ಹಾಯಿಸುವುದು, ತರಗೆಲೆ ಗುಡಿಸುವುದು. ನೋಡಲು ಜನ ಬಂದಾಗ ಪಂಪಿನ ಕೋಣೆಯ ಹಿಂದೆ ಇರಬೇಕು. ಯಾರಾದರೂ ಕೇಳಿದರೆ, ಇದು ಬೋಳು ಪಾಳು ಆಗಿತ್ತು, ಸಮಿತಿಯವರು ಹಸಿರು ಮಾಡಿದರು ಎನ್ನಬೇಕು. ಹನ್ನೊಂದು ಸಲ ಅವಳು ಹಾಗೆ ಅಂದಳು. ಹನ್ನೊಂದು ಸಲವೂ ನೆಲ ನೋಡಿಕೊಂಡು ಅಂದಳು.

ಒಂದು ದಿನ ಸಾಹೇಬ, ಈ ಕಲ್ಲುಗಳೆಲ್ಲ ಅಡ್ಡಾದಿಡ್ಡಿ ಇವೆ, ಕಿತ್ತು ಕಾಲುದಾರಿಯ ಎರಡೂ ಬದಿಗೆ ಸಾಲಾಗಿ ಜೋಡಿಸು ಎಂದ. ಅವು ಹೂತವರ ತಲೆಯ ಕಡೆ ನೆಟ್ಟ ಗುರುತಿನ ಕಲ್ಲುಗಳು. ಅವಳೇ ನೆಟ್ಟವು. ಬೆಳಗಿನಿಂದ ಮಧ್ಯಾಹ್ನದವರೆಗೆ ಅವಳು ಅವನ್ನು ಹಾರೆಯಿಂದ ಮೀಟಿದಳು. ಗಂಡನದನ್ನು ಕೊನೆಗೆ ಮೀಟಿದಳು. ಸುಣ್ಣ ಬಳಿದ ಮೇಲೆ ಯಾವುದು ಯಾರದೆಂದು ಅವಳಿಗೂ ತಿಳಿಯದಾಯಿತು.

ಸಂಜೆ ಮನೆಯಲ್ಲಿ ಅತ್ತೆಗೆ ಅದು ಗೊತ್ತಾಯಿತು. ಅತ್ತೆ ಬೈಯಲಿಲ್ಲ. ಸೊಸೆ ಬಡಿಸಿದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಅಲ್ಲಿಂದ ಮುಂದೆ ಮಗಳ ಕೈಯಿಂದ ಮಾತ್ರ ಉಂಡಳು. ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ ನಾಲ್ಕು ತಿಂಗಳು ಸೊಸೆಯ ಜತೆ ಮಾತಿಲ್ಲ. ಐದನೆಯ ತಿಂಗಳು ಅತ್ತೆಗೆ ಹಾಸಿಗೆಯಿಂದ ಏಳಲು ಆಗಲಿಲ್ಲ. ಗುದ್ದಲಿ ಮೈ ಒರೆಸುತ್ತಿದ್ದಾಗ ಅತ್ತೆ ಅವಳ ಮಣಿಕಟ್ಟು ಹಿಡಿದು ಹೇಳಿದಳು.

“ಬಂಡೆ ಮೇಲೆ ನನ್ನ ಮಲಗಿಸಬೇಡ. ನನ್ನ ಮಗನ ಪಕ್ಕಕ್ಕೆ ಹಾಕು.”

“ಆಗ್ಲಿ ಅತ್ತೆ.”

“ಆಗ್ಲಿ ಅನ್ನೋದು ನಿನಗೆ ರೂಢಿ ಆಗಿದೆ,” ಎಂದಳು ಅತ್ತೆ. ಅದೇ ಕೊನೆಯ ಮಾತು. ಮರುದಿನ ಬೆಳಿಗ್ಗೆ ಹೊತ್ತು ಮೂಡುವಾಗ ಉಸಿರು ನಿಂತಿತ್ತು.

ಅವತ್ತೇ ತೋಟ ನೋಡಲು ದೊಡ್ಡ ತಂಡವೊಂದು ಬರುವುದಿತ್ತು. ಗುದ್ದಲಿ ಹೋದಾಗ ಗೇಟಿನ ಬಳಿ ಮೇಜು ಹಾಕಿ ಸಾಹೇಬನೂ ಯಜಮಾನರೂ ಕೂತಿದ್ದರು. ತಡವಾಯಿತೆಂದು ಯಜಮಾನರು ಗದರಿದರು. ಅವಳು ಸಾಹೇಬನಿಗೆ ಸುದ್ದಿ ಹೇಳಿದಳು. ಅವನು ಎದ್ದು ನಿಂತ, ಪಾಪ ಎಂದ, ಎಷ್ಟು ವಯಸ್ಸಾಗಿತ್ತು ಎಂದು ಕೇಳಿದ. ಗಣಿಯ ಕಡೆ ಹೆಣ ಒಯ್ಯಲು ಗಾಡಿ ಕಳಿಸುತ್ತೇನೆ ಎಂದ.

“ಇಲ್ಲೇ ಹಾಕ್ತೀನಿ ಸಾಹೇಬ್ರೇ.”

“ಅದು ಆಗಲ್ಲಮ್ಮ. ನಿನಗೇ ಗೊತ್ತು. ಬರೋರು ಹೊರದೇಶದೋರು. ಅವರ ಮುಂದೆ ಹೆಣ ಅಂದ್ರೆ ಚೆನ್ನಾಗಿರಲ್ಲ.”

“ಇವತ್ತೊಂದು ದಿನ ಮನೇಲಿ ಇಟ್ಕೊಳ್ಳಿ,” ಎಂದರು ಯಜಮಾನರು. “ಹೆಣಕ್ಕೇನು, ಕಾಯುತ್ತೆ.”

ಗುದ್ದಲಿ ಇಬ್ಬರನ್ನೂ ನೋಡಿದಳು. ಅಷ್ಟು ದಿನದಲ್ಲಿ ಮೊದಲ ಸಲ ಮುಖಕ್ಕೆ ಮುಖ ಕೊಟ್ಟು ನೋಡಿದಳು. ಹಸಿರು ಕೋಟನ್ನು ಬಿಚ್ಚಿ, ಮಡಿಸಿ, ಸಾಹೇಬನ ಮುಂದೆ ಮೇಜಿನ ಮೇಲೆ ಇಟ್ಟಳು. ಬೀಗದ ಕೈಯನ್ನು ಇಡಲಿಲ್ಲ. ಗೇಟು ತೆರೆದು, ಪಂಪಿನ ಕೋಣೆಯಿಂದ ಹಾರೆ ಸಲಿಕೆ ಎತ್ತಿಕೊಂಡು ಬೇವಿನ ಕಡೆ ನಡೆದಳು. ಕಲ್ಲು ಇಲ್ಲದಿದ್ದರೇನು, ಗಂಡ ಎಲ್ಲಿದ್ದಾನೆ ಎಂದು ಅವಳ ಕಾಲಿಗೆ ಗೊತ್ತಿತ್ತು.

ತೋಡತೊಡಗಿದಳು. ಹಿಂದೆ ಇಲ್ಲಿ ಹಾರೆ ಹಾಕಿದರೆ ಕಿಡಿ ಹಾರುತ್ತಿತ್ತು. ಒಂದು ಗುಂಡಿಗೆ ಒಂದು ಹಗಲು ಹಿಡಿಯುತ್ತಿತ್ತು. ಈಗ ಮಣ್ಣು ಕಪ್ಪಗೆ, ತಣ್ಣಗೆ ಸಲಿಕೆಗೆ ಬಂತು. ಎರೆಹುಳ ಬಂತು. ಮೊಣಕಾಲಾಳದಲ್ಲಿ ಬೇವಿನ ಬೇರು ಅಡ್ಡ ಬಂದಾಗ ಅವಳ ಕೈ ತಡೆಯಿತು. ಆಮೇಲೆ ಕಡಿದಳು. ಯಜಮಾನರು ಕೂಗುತ್ತ ಬಂದು ಅವಳ ರಟ್ಟೆ ಹಿಡಿದು ಎಳೆದರು. ಅವಳು ಸಲಿಕೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ಅವರು ಕೈ ಬಿಟ್ಟು ಹಿಂದೆ ಸರಿದರು. ಅವಳು ಸಲಿಕೆಯನ್ನು ಮತ್ತೆ ಮಣ್ಣಿಗೆ ಹಾಕಿದಳು.

ಬಸ್ಸು ಬಂದು ನಿಂತಾಗ ಅವಳು ಸೊಂಟದಾಳದಲ್ಲಿದ್ದಳು. ಇಪ್ಪತ್ತು ಜನ ಇಳಿದು ಬಂದರು. ಸಾಹೇಬ ಅವರನ್ನು ಇನ್ನೊಂದು ಕಡೆಗೆ ತಿರುಗಿಸಲು ನೋಡಿದ. ಅಷ್ಟರಲ್ಲಿ ಕೆಳಕೇರಿಯವರು ಅತ್ತೆಯನ್ನು ಹೊತ್ತು ಗೇಟಿನೊಳಗೆ ಬಂದರು, ಮುಂದೆ ನಾದಿನಿ. ಬಂದವರಲ್ಲಿ ಭಾಷೆ ಬಲ್ಲ ಹೆಂಗಸೊಬ್ಬಳು ಗುಂಡಿಯ ಅಂಚಿಗೆ ಬಂದು, ಇದು ನೀರಿಂಗುವ ಗುಂಡಿಯೇ ಎಂದು ಕೇಳಿದಳು.

“ಇಲ್ಲ ತಾಯಿ. ನಮ್ಮತ್ತೆಗೆ. ಈ ಬೇವಿನ ಕೆಳಗೆ ನನ್ನ ಗಂಡ ಇದ್ದಾನೆ. ಆ ಹೊಂಗೆಯ ಬುಡದಲ್ಲಿ ನಮ್ಮ ಮಾವ. ನೀವು ನಿಂತಿದ್ದೀರಲ್ಲ, ಅಲ್ಲಿ ಒಬ್ಬ ಬಾಣಂತಿ, ಮಗು ಜತೆಗೆ.”

ಆ ಹೆಂಗಸು ಕಾಲು ಹಿಂದಕ್ಕೆ ತೆಗೆದಳು. ಎಲ್ಲಿಟ್ಟರೂ ಯಾರ ಮೇಲೋ ಇಡಬೇಕಲ್ಲ ಎಂದು ತಿಳಿದು ಅಲ್ಲೇ ನಿಂತಳು. ಉಳಿದವರಿಗೆ ಅವರ ಭಾಷೆಯಲ್ಲಿ ಹೇಳಿದಳು. ಯಾರೂ ಮುಂದೆ ಹೆಜ್ಜೆ ಇಡಲಿಲ್ಲ. ಅವರ ಕಣ್ಣ ಮುಂದೆಯೇ ಅತ್ತೆಯನ್ನು ಇಳಿಸಿ ಮಣ್ಣು ಮುಚ್ಚಿದರು.

ಮಧ್ಯಾಹ್ನಕ್ಕೆ ಪೊಲೀಸರು ಬಂದು ಗುದ್ದಲಿಯನ್ನು ಠಾಣೆಗೆ ಒಯ್ದರು. ಕೈಗೆ ಮೆತ್ತಿದ ಮಣ್ಣನ್ನು ತೊಳೆಯಲೂ ಬಿಡಲಿಲ್ಲ. ಕೆಳಕೇರಿ ಪೂರ್ತಿ ಹಿಂದೆ ಬಂದು ಠಾಣೆಯ ಜಗಲಿಯಲ್ಲಿ, ಕಿಟಕಿಯಲ್ಲಿ ತುಂಬಿಕೊಂಡಿತು. ದೂರು ಕೊಡಲು ಯಜಮಾನರು ಬಂದರು. ಸಾಹೇಬ ಬಸ್ಸಿನವರನ್ನು ಸಮಾಧಾನ ಮಾಡಿ ಕಳಿಸುತ್ತಿದ್ದ, ಇನ್ನೂ ಬಂದಿರಲಿಲ್ಲ.

ದೂರು ಬರೆದುಕೊಳ್ಳುವ ಪೇದೆ ಹೇಳಿದ್ದನ್ನು ಹೇಳಿದಂತೆ ಬರೆಯುವವನು. ಅಕ್ಷರ ಕೂಡಿಸುವವನೂ ಅಲ್ಲ, ಕಳೆಯುವವನೂ ಅಲ್ಲ. ಇಷ್ಟು ಜಾಗ ಇರುವಾಗ ಇವಳು ಅಲ್ಲೇ ಯಾಕೆ ಹೂತಳು ಎಂದು ಅವನು ಕೇಳಿದ. ಯಜಮಾನರಿಗೆ ಮೈಯೆಲ್ಲ ಉರಿಯುತ್ತಿತ್ತು.

“ಸೊಕ್ಕು. ಇವರ ತಾತ ಮುತ್ತಾತ ಎಲ್ಲ ಅಲ್ಲೇ ಹೂಳ್ತಾ ಇದ್ರು. ನಮ್ಮಪ್ಪನ ಕಾಲದಿಂದ ನೋಡಿದ್ದೀನಿ. ಈಗ ತೋಟ ಆದ್ಮೇಲೂ ಬಿಡಲ್ಲ ಅಂದ್ರೆ?”

ಪೇದೆ ಬರೆದ. ಬರೆದದ್ದನ್ನು ಗಟ್ಟಿಯಾಗಿ ಓದಿದ. ಕೆಳಕೇರಿಯವರು ತಲೆಮಾರುಗಳಿಂದ ಹೆಣ ಹೂಳುತ್ತ ಬಂದ ಸದರಿ ಜಾಗದಲ್ಲಿ ಈ ಹೆಂಗಸು ಇಂದು ಮತ್ತೊಂದು ಹೆಣ ಹೂತಿರುತ್ತಾಳೆ. ಯಜಮಾನರು ಸರ್ರನೆ ಸಹಿ ಹಾಕಿದರು.

ಗೋಡೆಗೊರಗಿ ನಿಂತಿದ್ದ ಗುದ್ದಲಿ ಕತ್ತೆತ್ತಿದಳು. ಇನ್ನೊಂದು ಸಲ ಓದಿ ಸ್ವಾಮಿ ಎಂದಳು. ಪೇದೆ ಓದಿದ. ಕಿಟಕಿಯಲ್ಲಿದ್ದ ನಾದಿನಿ ಅದನ್ನು ಹಿಂದಿನವರಿಗೆ ಕೂಗಿ ಹೇಳಿದಳು. ಹಿಂದಿನವರು ಬೀದಿಯಲ್ಲಿದ್ದವರಿಗೆ ಹೇಳಿದರು.

ಆಗ ಸಾಹೇಬ ಬಂದ. ಕಾಗದ ಓದಿದ. ಅವನ ಮುಖದ ಬಣ್ಣ ಇಳಿಯಿತು. ಯಜಮಾನರ ಕಿವಿಯಲ್ಲಿ ಏನೋ ಹೇಳಿದ. ಯಜಮಾನರು ಮೊದಲು ಕೊಸರಿದರು, ಆಮೇಲೆ ಕಾಗದದ ಕಡೆ ನೋಡಿದರು, ಆಮೇಲೆ ಬೆವರು ಒರೆಸಿಕೊಂಡರು. ಸಾಹೇಬ ಅವಳ ಕಡೆ ತಿರುಗಿ, ದುಃಖದಲ್ಲಿ ಆದದ್ದು ಆಗಿಹೋಯಿತು, ನಿನ್ನ ಮೇಲೆ ಕೇಸು ಬೇಡ, ಮನೆಗೆ ಹೋಗು ಎಂದ. ಇನ್ನೂ ಕೇಸಿನ ನಂಬರ್ ಹಾಕಿಲ್ಲ, ಬೇಕಾದರೆ ಹರಿದುಹಾಕಬಹುದು ಎಂದು ಪೇದೆಯೂ ಹೇಳಿದ. ಸಾಹೇಬ ಕಾಗದಕ್ಕೆ ಕೈ ಚಾಚಿದ.

ಗುದ್ದಲಿ ಅವನಿಗಿಂತ ಮುಂಚೆ ತನ್ನ ಎರಡೂ ಅಂಗೈಯನ್ನು ಅದರ ಮೇಲೆ ಊರಿದಳು.

“ಕೈ ತೆಗಿಯಮ್ಮ.”

“ನಾನು ಹೂತಿದ್ದೀನಿ. ಬರೆದಿರೋದು ಸರಿ ಇದೆ. ಹೂತಿದ್ದಕ್ಕೆ ಕಾಗದ ಕೇಳಿದ್ರಲ್ಲ, ಇದೇ ಅದು. ನಂಬರ್ ಹಾಕಿ.”

“ಜೈಲಿಗೆ ಹೋಗ್ತೀಯ.”

“ಹೋಗ್ತೀನಿ. ನಂಬರ್ ಹಾಕಿ.”

ಒಬ್ಬ ಪೊಲೀಸ್ ಬಂದು ಅವಳ ಬೆರಳು ಬಿಡಿಸಲು ನೋಡಿದ. ಮೂವತ್ತು ವರ್ಷ ಹಾರೆ ಹಿಡಿದ ಬೆರಳು. ಬಿಡಿಸಲಾಗಲಿಲ್ಲ. ಲಾಠಿಯಿಂದ ಗೆಣ್ಣಿನ ಮೇಲೆ ಹೊಡೆದ. ಒಂದು ಬೆರಳು ಲಟಕ್ಕೆಂದಿತು. ಅವಳು ಹಲ್ಲು ಕಚ್ಚಿ, ಮೈಯ ಭಾರವನ್ನೆಲ್ಲ ಮೇಜಿಗೆ ಹಾಕಿ ಕಾಗದದ ಮೇಲೆ ಕವುಚಿಕೊಂಡಳು. ಹೊರಗೆ ನಾದಿನಿ ಆ ಸಾಲನ್ನು ಹೇಳುತ್ತಲೇ ಇದ್ದಳು. ತಲೆಮಾರುಗಳಿಂದ ಹೂಳುತ್ತ ಬಂದ ಸದರಿ ಜಾಗ. ಬೀದಿಯಲ್ಲಿ ಎಲ್ಲರ ಬಾಯಲ್ಲೂ ಅದೇ. ಪೇದೆ ಕಿಟಕಿಯ ಕಡೆ ನೋಡಿದ, ಸಾಹೇಬನ ಕಡೆ ನೋಡಿದ. ಇದನ್ನು ಇನ್ನು ಹರಿದರೆ ನನ್ನ ಕುತ್ತಿಗೆಗೆ ಬರುತ್ತದೆ ಎಂದು ಗೊಣಗಿ, ಅವಳ ಮೊಣಕೈಯ ಕೆಳಗೆ ಪೆನ್ನು ತೂರಿಸಿ ಮೂಲೆಯಲ್ಲಿ ನಂಬರ್ ಹಾಕಿದ.

ಹದಿಮೂರು ದಿನ ಅವಳನ್ನು ಒಳಗಿಟ್ಟರು. ಹೊರಗೆ ಬಂದಾಗ ಎಲ್ಲವೂ ನೆಟ್ಟಗಾಗಿರಲಿಲ್ಲ. ಬೇಲಿ ಇತ್ತು. ತಕರಾರಿನ ಜಾಗವೆಂದು ತೋಟ ನೋಡಲು ಜನ ಬರುವುದು ನಿಂತಿತ್ತು. ಅಲ್ಲಿ ಕೆಲಸಕ್ಕಿದ್ದ ಕೇರಿಯ ಇನ್ನಿಬ್ಬರು ಹೆಂಗಸರ ಅನ್ನ ಹೋಗಿತ್ತು. ಅವರಲ್ಲೊಬ್ಬಳು ನಲ್ಲಿಯ ಬಳಿ ಎದುರಾಗಿ, ಸತ್ತವರಿಗೆ ಜಾಗ ಮಾಡಿ ಬದುಕಿದ್ದವರ ಹೊಟ್ಟೆಗೆ ಹೊಡೆದೆ ಎಂದಳು. ಗುದ್ದಲಿ ತನ್ನ ಕೊಡವನ್ನು ಹಿಂದೆ ಸರಿಸಿ ಅವಳ ಕೊಡಕ್ಕೆ ಜಾಗ ಬಿಟ್ಟಳು. ಕಾಗದ ಮಾತ್ರ ನ್ಯಾಯಾಲಯಕ್ಕೆ ಹೋಗಿತ್ತು. ಅದನ್ನು ಅಲ್ಲಿ ಯಾವಾಗ ಓದುತ್ತಾರೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಸಾವು ಅದಕ್ಕೆಲ್ಲ ಕಾಯುವುದಿಲ್ಲ. ಅವಳು ಬಂದ ಮೂರನೆಯ ದಿನ ಕೇರಿಯ ಚಪ್ಪಲಿ ಹೊಲಿಯುವ ಮುದುಕ ತೀರಿಕೊಂಡ. ಗುದ್ದಲಿಯ ಬಲಗೈಗೆ ಪಟ್ಟಿ ಕಟ್ಟಿತ್ತು, ಬೆರಳು ಮಡಚಲು ಬರುತ್ತಿರಲಿಲ್ಲ. ಬೇಲಿಯೊಳಗಿನ ಅದೇ ಮಸಣದಲ್ಲಿ ನಾದಿನಿಯೇ ಗುಂಡಿಗೆ ಇಳಿದಳು. ಗುದ್ದಲಿ ಅಂಚಿನಲ್ಲಿ ಕೂತು, ಆ ಮೂಲೆ ನೇರ ಮಾಡು, ಕಾಲಿನ ಕಡೆ ಇನ್ನೂ ಒಂದು ಗೇಣು ತೆಗಿ ಎಂದು ಹೇಳುತ್ತಿದ್ದಳು.

“ನೀನು ಬಾಯಲ್ಲೇ ಎಷ್ಟು ಗುಂಡಿ ತೋಡ್ತೀಯ ಅತ್ತಿಗೆ, ಸುಮ್ನೆ ಕೂತ್ಕೋ,” ಎಂದಳು ನಾದಿನಿ.

ಬೇಲಿಯ ಆಚೆ ಸೈಕಲ್ಲು ನಿಂತಿತು. ಠಾಣೆಯ ಅದೇ ಪೇದೆ. ಯಜಮಾನರು ಹೇಳಿಕಳಿಸಿರಬೇಕು. ಅವನು ಜೇಬಿನಿಂದ ಪುಸ್ತಕ ತೆಗೆದು, ಈ ಸಲ ಯಾರ ಹೆಸರು ಬರೆದುಕೊಳ್ಳಲಿ ಎಂದು ಕೇಳಿದ.

ಗುದ್ದಲಿ ಏಳಲು ನೆಲಕ್ಕೆ ಎಡಗೈ ಊರಿದಳು. ಅಷ್ಟರಲ್ಲಿ ಗುಂಡಿಯೊಳಗಿಂದ, ಸಲಿಕೆ ನಿಲ್ಲಿಸದೆ, ನಾದಿನಿ ಹೇಳಿದಳು.

“ನನ್ನದು. ಬರ್ಕೋ.”